ಸೀಸದ ಸಿಪಾಯಿಯ ಹುಬ್ಬು

ವಾಲ್ತಮ್‌ಸ್ಟೋ, ಲಂಡನ್
ಭಾನುವಾರ, ೪ ಮಾರ್ಚ್ ೨೦೧೨

ಪ್ರೀತಿಯ ಥೆಲ್ಮಕ್ಕಾ,

ಹೇಗಿದ್ದೀ? ಕಾಲಿನ ಊತ ಇಳಿಯಿತೇ? ಹೊಬಾರ್ಟ್‌ನಲ್ಲಿ ಬೇಸಿಗೆ ಮುಗಿಯುತ್ತ ಬಂದಿರಬೇಕು, ಸಂಜೆ ಹೊರಗೆ ಕೂರುವಾಗ ಕುತ್ತಿಗೆಗೆ ಏನಾದರೂ ಸುತ್ತಿಕೋ. ಸ್ಟಾನ್ ಭಾವನ ಹೊಸ ಮಂಡಿ ಹೇಗಿದೆ? ಮಂಡಿ ಹಾಕಿಸಿಕೊಂಡವರು ಏಣಿ ಹತ್ತಬಾರದು ಅಂತ ಟಿವಿಯಲ್ಲಿ ಹೇಳಿದರು. ಅಂದಿನಿಂದ ಭಾವ ಏಣಿಯ ತುದಿಯಲ್ಲಿ ನಿಂತ ಹಾಗೇ ನನ್ನ ಕಣ್ಣಿಗೆ ಕಟ್ಟುತ್ತಿದೆ. ದಯವಿಟ್ಟು ಇಳಿಸು. ನಾನು ಚೆನ್ನಾಗಿದ್ದೇನೆ. ಉಬ್ಬಸ ಅದರ ಪಾಡಿಗೆ ಅದಿದೆ. ಒಲೆ ಆರಿಸಿದೆನೋ ಇಲ್ಲವೋ ಅಂತ ಬಸ್ ನಿಲ್ದಾಣದಿಂದ ಎರಡು ಸಲ ತಿರುಗಿ ಬಂದು ನೋಡುವ ಚಟ ಮಾತ್ರ ಹೋಗಿಲ್ಲ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಈ ವಿಷಯ ಕಿರುಚಿ ಹೇಳುವಂಥದ್ದಲ್ಲ. ಕಾಗುಣಿತ ತಪ್ಪಿದ್ದರೆ ನಗಬೇಡ. ನಾನು ಶಾಲೆಗೆ ಹೋದ ದಿನಕ್ಕಿಂತ ಹೋಗದ ದಿನವೇ ಹೆಚ್ಚೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಜರಿ ಇನ್ಸ್‌ಪೆಕ್ಟರು ಬಾಗಿಲು ಬಡಿದಾಗ ನನ್ನನ್ನು ಮೇಜಿನಡಿಗೆ ತಳ್ಳಿ ಮೇಲುಹಾಸು ಇಳಿಬಿಡುತ್ತಿದ್ದವಳು ನೀನೇ ತಾನೆ.

ಆ ಮೇಜಿನ ವಿಷಯಕ್ಕೇ ಈ ಕಾಗದ. ನಾವು ಕಾರ್ಖಾನೆಯಿಂದ ಮನೆಗೆ ತಂದು ಅದರ ಮೇಲೆ ಬಣ್ಣ ಹಚ್ಚುತ್ತಿದ್ದ ಸೀಸದ ಸಿಪಾಯಿಗಳಿಗೆ ಈಗ ಪ್ರಪಂಚದಲ್ಲೆಲ್ಲ ಬೇಡಿಕೆ, ನಿನಗೆ ಗೊತ್ತೇ? ಕಂಪ್ಯೂಟರಿನಲ್ಲಿ ಹರಾಜು ಹಾಕುತ್ತಾರೆ. ನಮ್ಮ ಬೀದಿಯ ಪಾರ್ಗೆಟರ್ ಇದ್ದಾನಲ್ಲ, ಬಸ್ ಕಂಡಕ್ಟರ್ ಆಗಿದ್ದವನು, ನಿವೃತ್ತನಾದ ಮೇಲೆ ಅವನಿಗೆ ಇದೇ ಕಸುಬು. ಯಾರೇ ಸಿಪಾಯಿ ಮಾರಾಟಕ್ಕಿಟ್ಟರೂ ಅದು ಅಸಲಿಯೋ ಆಮೇಲೆ ಬಣ್ಣ ಬಳಿದದ್ದೋ ಅಂತ ಇವನು ಹೇಳಬೇಕು, ಕೊಳ್ಳುವವರು ಅದನ್ನು ನಂಬುತ್ತಾರೆ. ಅಡಿಯ ಮುದ್ರೆ ನೋಡುತ್ತಾನೆ, ತೂಗುತ್ತಾನೆ, ನೇರಳೆ ದೀಪ ಹಿಡಿಯುತ್ತಾನೆ. ಹೊಸ ಬಣ್ಣವಾದರೆ ಆ ದೀಪದಲ್ಲಿ ಮಿನುಗುತ್ತದಂತೆ. ನಾನು ಬಣ್ಣ ಹಚ್ಚಿದವಳು ಅಂತ ತಿಳಿದಾಗಿನಿಂದ ಮಂಗಳವಾರ ಮಂಗಳವಾರ ಬಂದು, ಚಹಾ ಕುಡಿದು, ನನ್ನ ಬಿಸ್ಕತ್ತು ಖಾಲಿ ಮಾಡಿ, ಫೋಟೋ ತೋರಿಸುತ್ತಾನೆ. "ಮೇವಿಸಮ್ಮ, ಈ ಬೂಟಿನ ಕಪ್ಪು ನೋಡು, ನಿಮ್ಮ ಕಾಲದ್ದೇನಾ?" ಅನ್ನುತ್ತಾನೆ. "ಮೂಸಿ ನೋಡಿದ್ರೆ ಹೇಳ್ತೀನಿ ಮಾರಾಯ, ಫೋಟೋದಾಗೆ ಟರ್ಪೆಂಟೈನ್ ವಾಸನೆ ಬರ್ತದಾ?" ಅಂದರೆ ಅವನಿಗೆ ನಗು.

ಹೋದ ತಿಂಗಳು ಒಂದು ಡಬ್ಬಿಯ ಫೋಟೋ ತಂದ. ಖಾಕಿ ಸಿಪಾಯಿಗಳು ಎಂಟು, ಚಪ್ಪಟೆ ಟೋಪಿ, ಹೆಗಲ ಮೇಲೆ ಬಂದೂಕು. ಲೋಸ್ಟಾಫ್ಟ್‌ನ ಡಿಲಿಸ್ ಕ್ರ್ಯಾಬ್ ಅನ್ನುವ ವಿಧವೆ ಮಾರಿದ್ದು. ಕೊಂಡವನು ಮೋಸ ಅಂತ ದೂರು ಕೊಟ್ಟಿದ್ದಾನೆ. ಏಳು ಜನ ಸರಿಯಾಗಿದ್ದಾರೆ, ಎಂಟನೆಯವನಿಗೆ ಹುಬ್ಬಿದೆ! ನಮ್ಮ ಕಾರ್ಖಾನೆಯ ಸಿಪಾಯಿಗೆ ಹುಬ್ಬಿರಲಿಲ್ಲ ಅಂತ ಸಂಗ್ರಹ ಮಾಡುವವರಿಗೆಲ್ಲ ಗೊತ್ತು, ಹುಬ್ಬು ಕಂಡರೆ ನಕಲಿ. ಅಮ್ಮನೂ ಹಾಗೇ ಹೇಳುತ್ತಿದ್ದಳಲ್ಲ, "ಎರಡು ಚುಕ್ಕಿ, ಒಂದು ಗೆರೆ, ಮುಖ ಮುಗೀತು. ಮುಂದಿನವನನ್ನ ಎತ್ಕೋ." ಪಾರ್ಗೆಟರ್ ಹೇಳಿದ, ಹುಬ್ಬಿನ ಸಿಪಾಯಿಗಳು ಇಪ್ಪತ್ತು ವರ್ಷದಿಂದ ಅಲ್ಲೊಂದು ಇಲ್ಲೊಂದು ಸಿಗುತ್ತಿವೆಯಂತೆ, ಎಲ್ಲ ಒಂದೇ ಕೈಯವು, ಯಾರೋ ಜಾಣ ಖದೀಮ. ಅವರೆಲ್ಲ ಸೇರಿ ಅವನಿಗೆ ಹುಬ್ಬುಗಳ್ಳ ಅಂತ ಹೆಸರಿಟ್ಟಿದ್ದಾರೆ. "ಈ ಡಿಲಿಸ್‌ಗೂ ಅವನಿಗೂ ಏನೋ ನಂಟಿರ್ಬೇಕು. ಈ ಸಲ ಹಿಡಿದೇಬಿಟ್ವಿ ನೋಡು" ಅಂದು ತೊಡೆ ತಟ್ಟಿಕೊಂಡ. ಆಮೇಲೆ ಆ ಮುಖವನ್ನು ದೊಡ್ಡದು ಮಾಡಿ ತೋರಿಸಿದ.

ಅಕ್ಕಾ, ನಾನು ಚಹಾ ಕೆಳಗಿಟ್ಟು ಕನ್ನಡಕ ಹಾಕಿಕೊಂಡೆ. ಪರದೆಯ ತುಂಬ ಆ ಮುಖ. ಒಂದು ಹುಬ್ಬು ಸಮ, ಇನ್ನೊಂದು ಕೂದಲೆಳೆಯಷ್ಟು ಮೇಲೆ, ಏನೋ ಕೇಳಲು ಬಂದು ಬಾಗಿಲಲ್ಲೇ ನಿಂತುಬಿಟ್ಟ ಹಾಗೆ. ಹಾಲಿನ ಗಾಡಿಯ ರೆಜ್. ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಬಾಟಲಿ ಇಟ್ಟು, ನೀನು ಕಿಟಕಿಗೆ ಬರುವ ತನಕ ಕುದುರೆಯ ಲಗಾಮು ಸರಿಮಾಡುತ್ತಲೇ ಇರುತ್ತಿದ್ದನಲ್ಲ, ಅವನೇ.

ಆ ಮನೆ ಈಗ ನನಗೆ ನೆನಪೋ ಕನಸೋ ಗೊತ್ತಾಗುವುದಿಲ್ಲ. ಒಣಗಲು ಜಾಗವಿಲ್ಲದೆ ಕಿಟಕಿಯ ಹಲಗೆ, ಬೀರುವಿನ ತಲೆ, ನಮ್ಮ ಮಂಚದ ಕಾಲದೆಸೆ ಎಲ್ಲ ಕಡೆ ಸಿಪಾಯಿಗಳ ಹಲಗೆಗಳು. ಮಲಗಿದರೆ ಕಾಲು ಚಾಚುವಂತಿಲ್ಲ. ಮುಖ ಬರೆಯದ ಸಿಪಾಯಿಗಳು ನಸುಗುಲಾಬಿ ಮುಖ ಹೊತ್ತು ಸಾಲಾಗಿ ನಿಂತಿರುತ್ತಿದ್ದರು, ಯಾರೋ ಹೆಸರು ಕೂಗಲಿ ಅಂತ ಕಾಯುವವರ ಹಾಗೆ. ನನಗೆ ಜ್ವರ ಬಂದಾಗ ಅವರು ರಜಾಯಿಯ ಮಡಿಕೆಗಳನ್ನು ಬೆಟ್ಟ ಹತ್ತಿದ ಹಾಗೆ ಹತ್ತಿ ನನ್ನ ಎದೆಯ ತನಕ ಬರುತ್ತಿದ್ದರು, ನಾನು ಉಸಿರು ಬಿಗಿಹಿಡಿದು ದಾರಿ ಬಿಡುತ್ತಿದ್ದೆ. ಹಾಗೆ ಒಂದು ಮಧ್ಯಾಹ್ನ ಕಣ್ಣು ಬಿಟ್ಟಾಗ, ನೀನು ಅತ್ಯಂತ ಸಣ್ಣ ಕುಂಚವನ್ನು ತುಟಿಯಲ್ಲಿ ಒದ್ದೆಮಾಡಿ ಒಬ್ಬನಿಗೆ ಹುಬ್ಬು ತೀಡುತ್ತಿದ್ದೆ. ರೆಜ್ ಸೈನ್ಯ ಸೇರಿ ಕೊರಿಯಾ ಯುದ್ಧಕ್ಕೆ ಹಡಗು ಹತ್ತಿ ಹತ್ತು ದಿನ ಆಗಿತ್ತು. ನಾನು ನೋಡಿದ್ದು ನೋಡಿ ನೀನು "ಕೈ ಜಾರ್ತು ಕಣೇ" ಅಂದೆ. ಆಮೇಲೆ ಪ್ರತಿ ಹಲಗೆಯಲ್ಲೂ ಒಬ್ಬನ ಮೇಲೆ ನಿನ್ನ ಕೈ ಜಾರಿತು. ತಪಾಸಣೆಯವಳು ಮೇಲಿನ ಸಾಲು ಮಾತ್ರ ನೋಡುತ್ತಾಳೆಂದು ಅವನನ್ನು ಕೆಳಸಾಲಿನ ಮೂಲೆಗೆ ನಿಲ್ಲಿಸುತ್ತಿದ್ದೆ. ಒಮ್ಮೆ ಅಮ್ಮನ ಕಣ್ಣಿಗೆ ಬಿದ್ದು "ಹೊಟ್ಟೆಪಾಡಿನ ಮುಖಕ್ಕೆ ಹುಬ್ಬು ಬೇರೆ ಕೇಡು!" ಅಂತ ಬೈದಳು, ಆದರೆ ಅಳಿಸಲಿಲ್ಲ. ಅವನ ಸುದ್ದಿ ಬಂದ ವಾರ ನೀನು ಹಾಗೇ ಕೂತು ಬರೆದೆ, ಒಂದು ಹಲಗೆ, ಇನ್ನೊಂದು ಹಲಗೆ. ಅದಾದ ಮೇಲೆ ಒಬ್ಬನಿಗೂ ಬರೆಯಲಿಲ್ಲ. ನಾನು ಅರುವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ.

ಅದಕ್ಕೇ ಪಾರ್ಗೆಟರ್‌ಗೆ ಏನೂ ಹೇಳದೆ ಸುಮ್ಮನಿದ್ದುಬಿಡೋಣ ಅಂದುಕೊಂಡೆ. ಆದರೆ ಆ ಡಿಲಿಸ್, ನಾನು ಬಣ್ಣ ಹಚ್ಚಿದವಳು ಅಂತ ಯಾರಿಂದಲೋ ತಿಳಿದು, ನನ್ನ ನಂಬರು ಹುಡುಕಿ ಫೋನು ಮಾಡಿದಳು. ಅವಳ ಗಂಡ ಹುಡುಗನಾಗಿದ್ದಾಗ ಕಾಲಿಗೆ ಪೋಲಿಯೋ ಬಡಿದು ಆಸ್ಪತ್ರೆಯಲ್ಲಿ ಮಲಗಿದ್ದನಂತೆ, ಆಗ ಅವನಪ್ಪ ಅಂಗಡಿಯಿಂದ ತಂದುಕೊಟ್ಟ ಡಬ್ಬಿ ಅದು. ಮೇಲಿನ ಕಾಗದವನ್ನು ಅವನೇ ಬಿಚ್ಚಿದ್ದು. ಹುಬ್ಬಿನವನನ್ನು ಸಾರ್ಜೆಂಟ್ ಅಂತ ಕರೆಯುತ್ತಿದ್ದನಂತೆ, ಕೊನೆಯ ತನಕ. "ಅವ್ರು ನನ್ನ ಕಳ್ಳಿ ಅಂದ್ರೆ ಅನ್ಲಿ ತಾಯೀ, ನಂಗೆ ಹೊಸ್ದಲ್ಲ, ಮೀನು ಮಾರ್ದೋಳು ನಾನು" ಅಂದಳು. "ಆದ್ರೆ ನನ್ನ ಗಂಡನ್ನ ಸುಳ್ಳ ಅಂತಿದಾರಲ್ರೀ. ಅವ್ನು ತಿರುಗಿ ಬಂದು ಹೌದು ಅನ್ನೋಕಾಗ್ತದಾ?" ಅಂದವಳೇ ಫೋನು ಇಟ್ಟುಬಿಟ್ಟಳು. ತಿಂಗಳ ಕೊನೆಗೆ ಪಾರ್ಗೆಟರ್ ತನ್ನ ತೀರ್ಪು ಬರೆಯುತ್ತಾನೆ, ಬರೆದದ್ದು ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಅವಳ ಹೆಸರು ಹಚ್ಚಿ.

ಆಗ ನಾನೊಂದು ಕೆಲಸ ಮಾಡಿದೆ. ಬೈಯಬೇಡ. ಪಾರ್ಗೆಟರ್‌ನ ಮನೆಗೆ ಹೋಗಿ, ಹುಬ್ಬುಗಳ್ಳ ಅಂತ ಯಾರೂ ಇಲ್ಲ, ಆ ಹುಬ್ಬು ನಮ್ಮ ಮನೆಯದೇ, ಬರೆದವಳು ನಾನೇ ಅಂದುಬಿಟ್ಟೆ. ನಿನ್ನ ಗುಟ್ಟು ನಿನ್ನ ಹತ್ತಿರವೇ ಇರಲಿ, ಡಿಲಿಸ್ ಹೆಸರೂ ಉಳಿಯಲಿ ಅಂತ. ಅವನು ಬೆರಳು ಮಡಿಸಿ ನನ್ನ ಆಗಿನ ವಯಸ್ಸು ಲೆಕ್ಕ ಹಾಕಿದ. "ಹನ್ನೆರಡು ವರ್ಷದ ಹುಡುಗಿ! ಎಲ್ಲಿ ಅಡಗಿಸಿಟ್ಟಿದ್ದೆ ಮೇವಿಸಮ್ಮ ಈ ಸುದ್ದೀನ?" ಅಂತ ಕುಣಿದಾಡಿ, ಶನಿವಾರ ಚರ್ಚಿನ ಹಾಲ್‌ಗೆ ಬಾ, ಸಂಗ್ರಹ ಮಾಡುವವರೆಲ್ಲರ ಮುಂದೆ ಒಬ್ಬನಿಗೆ ಹುಬ್ಬು ಬರೆದು ತೋರಿಸು, ಅಲ್ಲಿಗೆ ಮುಗಿಯಿತು ಅಂದ. ನಾನು ಒಲ್ಲೆ ಅನ್ನಲು ಬಾಯಿ ತೆರೆದೆ, ಬಂದದ್ದು ಹೂಂ.

ನಿನ್ನೆ ಹೋದೆ. ಹನ್ನೆರಡು ಜನ ಮುದುಕರು, ಒಂದು ದೀಪ, ಒಂದು ಭೂತಗನ್ನಡಿ. ಬರೆದೆ. ಎರಡೂ ಹುಬ್ಬು ಚೆನ್ನಾಗೇ ಬಂದವು, ನನಗೇ ಹೆಮ್ಮೆಯಾಯಿತು. ಪಾರ್ಗೆಟರ್, ಕೊಂಡವನು ಕಳಿಸಿದ್ದ ಆ ಡಬ್ಬಿಯವನನ್ನೂ ನನ್ನವನನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ಬಗ್ಗಿ ನೋಡಿದ. ಹಳೆಯವನ ಹುಬ್ಬು ಎರಡೂ ಬಲದಿಂದ ಎಡಕ್ಕೆ ಎಳೆದವು. ಕುಂಚ ಊರಿದ ದಪ್ಪ ತುದಿ ಬಲಕ್ಕೆ, ಎತ್ತಿದ ಸಣ್ಣ ತುದಿ ಎಡಕ್ಕೆ. ನನ್ನವು ಎರಡೂ ಎಡದಿಂದ ಬಲಕ್ಕೆ. "ಮೇವಿಸಮ್ಮ, ಇದು ಎಡಚರ ಕೈ. ನೀನು ಬಲಗೈಯಲ್ಲಿ ಬರ್ದೆ" ಅಂದ, ಬೈಯಲಿಲ್ಲ, ಸಣ್ಣ ದನಿಯಲ್ಲಿ ಅಂದ, ಅದೇ ಜಾಸ್ತಿ ಉರಿಯಿತು. ಹಿಂದಿನಿಂದ ಒಬ್ಬ "ಸಾಕ್ಷಿನೂ ಹುಬ್ಬುಗಳ್ಳಂದೇ ಸರಕು ಬಿಡ್ರಪ್ಪ!" ಅಂದು ನಗಿಸಿದ. ನಾನು ಕೋಟು ತೊಟ್ಟು ಬಂದುಬಿಟ್ಟೆ, ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು. ಅಕ್ಕಾ, ನಿನ್ನ ಎಡಗೈ ನನಗೆ ಮರೆತೇಹೋಗಿತ್ತು! ಊಟಕ್ಕೆ ಕೂತಾಗ ನಿನ್ನ ಮೊಣಕೈ ತಾಗಿ ತಾಗಿ ನನ್ನ ಸಾರು ಚೆಲ್ಲುತ್ತಿತ್ತಲ್ಲ, ಅದು ಹೇಗೆ ಮರೆತುಹೋಯಿತು? ಈಗ ನಾನು ಹೋಗಿ ಡಿಲಿಸ್‌ಳನ್ನು ಇನ್ನೂ ಆಳಕ್ಕೆ ತಳ್ಳಿದ ಹಾಗಾಯಿತು. ಮೊದಲು ಅನುಮಾನ ಮಾತ್ರ ಇತ್ತು, ಈಗ ಅವಳ ಪರವಾಗಿ ಸುಳ್ಳು ಹೇಳಿದವಳು ಒಬ್ಬಳಿದ್ದಾಳೆ.

ಮನೆಗೆ ಬಂದು ಕಿಟಕಿಯ ಹತ್ತಿರ ಕೂತೆ. ಬೀದಿ, ಮರ, ಬಸ್ಸು ಎಲ್ಲ ನೀರಿನಡಿ ಇದ್ದ ಹಾಗೆ ಕಂಡವು. ಒಂದು ಯೋಚನೆ ಬಂತು, ಹುಚ್ಚು ಅನ್ನಬೇಡ. ರೆಜ್ ತಿರುಗಿ ಬರಲಿಲ್ಲ, ಅವನಿಗೊಂದು ಸಮಾಧಿಗಲ್ಲನ್ನೂ ನಾವು ನೋಡಲಿಲ್ಲ. ಆದರೆ ಹಲಗೆಗೊಬ್ಬನಂತೆ ನೀನು ಎಷ್ಟು ಜನರನ್ನು ಕಳಿಸಿದೆಯೋ! ಯಾವ್ಯಾವ ದೇಶದ ಅಟ್ಟದಲ್ಲಿ, ಯಾವ ಮೇಜಿನ ಖಾನೆಯಲ್ಲಿ, ಯಾವ ತೋಟದ ಮಣ್ಣಿನಡಿ ಒಂದು ಹುಬ್ಬು ಮೇಲೆತ್ತಿಕೊಂಡು ಅವನು ಮಲಗಿದ್ದಾನೋ. ಅಷ್ಟು ಮಕ್ಕಳು ಅವನನ್ನು ದಿಂಬಿನ ಪಕ್ಕ ಇಟ್ಟುಕೊಂಡು ನಿದ್ದೆ ಹೋದರಲ್ಲ. ಅವರನ್ನೆಲ್ಲ ನಕಲಿ ಅಂತ ಒಂದು ಪಟ್ಟಿಯಲ್ಲಿ ಬರೆದುಬಿಡುತ್ತಾರಂತೆ. ಅದನ್ನು ನನ್ನಿಂದ ತಡೆದುಕೊಳ್ಳಲಾಗದು.

ಭಾವ ಇದನ್ನು ಓದಿದರೆ ಅಂತ ಹೆದರಿಕೆ. ಲಕೋಟೆಯ ಮೇಲೆ "ಹೆಂಗಸರ ಆರೋಗ್ಯ ವಿಚಾರ" ಅಂತ ಬರೆದಿದ್ದೇನೆ. ಫುಟ್‌ಬಾಲ್ ಫಲಿತಾಂಶಕ್ಕಿಂತ ಉದ್ದದ್ದನ್ನು ಅವರು ಓದಿದ್ದು ನಾನು ಕಂಡಿಲ್ಲ, ಆದರೂ. ಓದಿಬಿಟ್ಟಿದ್ದರೆ, ಭಾವಾ, ಅದು ನೀವು ಬರುವುದಕ್ಕೆ ಮುಂಚಿನ ಮಾತು, ಏಣಿಯಿಂದ ಇಳಿಯಿರಿ.

ನಿನಗೂ ಭಾವನಿಗೂ ಮಕ್ಕಳಿಗೂ ದೇವರು ಒಳ್ಳೆಯ ನಿದ್ದೆ ಕೊಡಲಿ. ನನಗೂ ಸ್ವಲ್ಪ ಕೊಡಲಿ ಅಂತ ನೀನು ಕೇಳಿಕೋ.

ನಿನ್ನ ತಂಗಿ,
ಮೇವಿಸ್

ಲಕೋಟೆ ಅಂಟಿಸಲು ಹೊರಟೆ, ಮುಖ್ಯವಾದದ್ದೇ ಬಿಟ್ಟೆ. ಜೊತೆಗಿರುವ ಪೊಟ್ಟಣದಲ್ಲಿ ಹತ್ತಿ ಸುತ್ತಿದ ಸಿಪಾಯಿಗಳು ಇಬ್ಬರಿದ್ದಾರೆ, ಸಣ್ಣ ಕುಂಚ ಮತ್ತು ಕಂದು ಬಣ್ಣವೂ ಇದೆ. ಮುಖ ನಾನೇ ಬರೆದಿದ್ದೇನೆ, ಹುಬ್ಬು ಬಿಟ್ಟಿದ್ದೇನೆ. ಒಬ್ಬನಿಗೆ ಎಡಗೈಯಲ್ಲಿ ಬರೆದು ತಿಂಗಳು ಮುಗಿಯುವುದರೊಳಗೆ ಸೇರುವಂತೆ ಕಳಿಸು, ಪಾರ್ಗೆಟರ್‌ನ ಮುಂದೆ ಇಡುತ್ತೇನೆ. ಕೈ ನಡುಗಿದರೂ ಚಿಂತೆಯಿಲ್ಲ, ನಡುಗಿದರೆ ದಿಕ್ಕು ಬದಲಾಗುವುದಿಲ್ಲ. ಬರೆದವಳು ನನ್ನ ಅಕ್ಕ ಅಂತ ಮಾತ್ರ ಹೇಳುತ್ತೇನೆ. ಯಾರ ಮುಖ ಅಂತ ಅವರು ಕೇಳಿದರೆ, ಕೈ ಜಾರಿತಂತೆ ಅನ್ನುತ್ತೇನೆ. ಇನ್ನೊಬ್ಬನನ್ನು ನನಗೆ ಕಳಿಸಬೇಕಾಗಿಲ್ಲ.