ಅಕ್ಕನ ಕಿಂಡಿ

ಅಕ್ಕಾ,

ಹೊಸ ಪುಸ್ತಕದ ಕರಡು ತಿದ್ದಲು ನನ್ನ ಲ್ಯಾಪ್‌ಟಾಪನ್ನು ನಮ್ಮಿಬ್ಬರ ದೊಡ್ಡ ಮಾನಿಟರಿಗೆ ಜೋಡಿಸಿದೆ. ಮೂರು ದಿನವಾದರೂ ‘ಸಿಗ್ನಲ್ ಇಲ್ಲ’ ಎಂದಷ್ಟೇ ಬರುತ್ತಿತ್ತು. ಕೇಬಲ್ ಬದಲಿಸಿದರೂ ಆಗಲಿಲ್ಲ.

ಇಂದು ರಿಪೇರಿಯವರು ಬಂದು ನೋಡಿ ನಕ್ಕರು. “ಏನೂ ಕೆಟ್ಟಿಲ್ಲಮ್ಮಾ. ನೀವು ಕೇಬಲ್ ಹಾಕಿರೋದು ಒಂದನೇ ಕಿಂಡಿಗೆ. ಇದು ಎರಡನೇದರ ದಾರಿ ಕಾಯ್ತಾ ಕೂತಿದೆ. ಈ ಬಟನ್ ಒತ್ತಿ ಬದಲಾಯಿಸಿದ್ರೆ ಆಯ್ತು.”

ಎರಡನೆಯದು ನಿನ್ನ ಕಿಂಡಿ. ಗುರುತಿಗೆಂದು ನೀನು ಉಗುರುಬಣ್ಣದಲ್ಲಿ ಇಟ್ಟ ಚುಕ್ಕೆ ಇನ್ನೂ ಇದೆ. ನಾನೇ ಒತ್ತುತ್ತೇನೆಂದು ಹೇಳಿ ಅವರನ್ನು ಕಳಿಸಿದೆ. ಇನ್ನೂ ಒತ್ತಿಲ್ಲ.

ಕರಡು ತಿದ್ದುವಾಗ ನಿನ್ನ ಓದು ಆಮೆನಡಿಗೆ ಎಂದು ನಾನು ಅಂದದ್ದಕ್ಕೇ ನೀನು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಹೊರಟುಹೋದೆ. ಆ ಸಾಲನ್ನು ಹೊಡೆದುಹಾಕು. ಅಲ್ಪವಿರಾಮವನ್ನೂ ಬಿಡದೆ ನೀನು ಗಟ್ಟಿಯಾಗಿ ಓದಿದರೇ ನನಗೆ ತಪ್ಪು ಕಾಣುವುದು. ನಾನೊಬ್ಬಳೇ ತಿದ್ದಿ ಕಳಿಸಿದ ಮೊದಲ ಅಧ್ಯಾಯದಲ್ಲಿ ‘ಅಕ್ಕಿ’ ಎಂದಿರಬೇಕಾದಲ್ಲಿ ‘ಅಕ್ಕ’ ಎಂದು ಉಳಿದುಹೋಗಿತ್ತು. ಪ್ರಕಾಶಕರು ಫೋನ್ ಮಾಡಿ, “ಒಂದು ಕಿಲೋ ಅಕ್ಕ ಯಾವ ಅಂಗಡೀಲಿ ಸಿಗುತ್ತಮ್ಮಾ?” ಎಂದು ಕೇಳಿದರು. ನನಗೂ ಗೊತ್ತಿಲ್ಲ ಎಂದೆ.

ಉಳಿದ ಕರಡನ್ನು ಸೋಮವಾರ ಕೊಡಬೇಕು. ಅಲ್ಲಿಯವರೆಗೆ ನನಗೆ ಚಿಕ್ಕ ಪರದೆಯೇ ಸಾಕು, ಬಟನ್ ಮುಟ್ಟುವುದಿಲ್ಲ. ಬರುವಾಗ ನಿನ್ನ ಕೇಬಲ್ ಮರೆಯಬೇಡ.

ನಿನ್ನ
ಒಂದನೇ ಕಿಂಡಿಯ ತಂಗಿ