ಮೋಟಾರಿಗೆ ಅಂಟಿಸಿದ ಕೌದಿ

೧೮ ಎಪ್ರಿಲ್ ೧೯೩೯, ಮಂಗಳವಾರ. ಶಿಗ್ಗಾಂವ.

ಎಷ್ಟು ತೊಳೆದರೂ ಕೈಗೆ ಹತ್ತಿದ ಅಂಟಿನ ನಾತ ಹೋಗಿಲ್ಲ. ಮೋಟಾರು ಕಾರಿನ ಸಪ್ಪಳವಂತೂ ಅಡಗಿತು, ಕಾಲಿಗೆ ಬಡಿಯುತ್ತಿದ್ದ ಎಂಜಿನ್ನಿನ ಝಳವೂ ಕಡಿಮೆಯಾಯಿತು.

ಎರಡು ದಿನ ನಾನೇ ಕುಳಿತು ಮಾಡಿದ ಕೆಲಸ. ಹುಣಸೆಬೀಜ ಕುದಿಸಿ ಅಂಟು ಮಾಡಿ, ತಗಡಿನ ಒಳಮೈಗೆಲ್ಲ ಕಂಬಳಿ ಅಂಟಿಸಿದೆ. ಎಂಜಿನ್ನಿನ ಕಡೆಯ ಹಲಗೆಗೆ ಕಂಬಳಿ ಸಾಲಲಿಲ್ಲ. ಟ್ರಂಕಿನಲ್ಲಿದ್ದ ಕೂಸಿನ ಕೌದಿ ತೆಗೆದೆ. ಕೂಸು ಹೋಗಿ ಮೂರು ತಿಂಗಳಾಯಿತು, ಕೌದಿಗೇನು ಕೆಲಸ? ಹೆಂಡತಿ ಸರೋಜವ್ವನನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಕೊಡುತ್ತಿರಲಿಲ್ಲ.

ಇಂದು ಅವಳನ್ನು ತವರಿಗೆ ಕಳಿಸಲು ಯಲವಿಗಿ ಸ್ಟೇಷನ್ನಿಗೆ ಹೊರಟೆವು. ದಾರಿಯಲ್ಲಿ ಅವಳ ಪಾದದ ಮೇಲೆ ಏನೋ ತೊಟ್ಟಿಕ್ಕಿತು. ಎಣ್ಣೆ ಎಂದುಕೊಂಡೆ. ಅವಳು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡಳು.

“ಬೆಲ್ಲ ಐತ್ರಿ, ಕಾವಿಗೆ ಕರಗೇತಿ. ಕೌದಿ ಹೊಟ್ಟಿ ಖಾಲಿ ಇರಬಾರದಂತ ನಾನ ಮೂಲ್ಯಾಗ ಇಟ್ಟು ಹೊಲಿದಿದ್ನಿ. ಹೊದ್ದ ಕೂಸು ಹಸಿಬಾರದಂತ.”

“ಕೂಸ ಇಲ್ಲ. ಇನ್ನ ಹಸಿಯೋರು ಯಾರು?” ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮೊದಲಿನ ಮೋಟಾರಾಗಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಈಗ ಸ್ಟೇಷನ್ನಿನ ತನಕ ಒಂದೊಂದು ಬಿಕ್ಕೂ ಕಿವಿಗೆ ಬಿತ್ತು.

ಇಳಿದವಳು, “ಅದನ್ನ ಕೊಡ್ರಿ, ಒಯ್ತೇನಿ,” ಎಂದಳು. ಕೌದಿ ಎಳೆದು ನೋಡಿದೆ. ಹರಿಯದೆ ಬರುವಂತಿರಲಿಲ್ಲ, ನನ್ನ ಅಂಟು ಅಷ್ಟು ಗಟ್ಟಿ. ಹಾಗೆಂದೇ ಹೇಳಿದೆ. ಅವಳು ಹಿಂದಿರುಗಿ ನೋಡದೆ ರೈಲುಗಾಡಿ ಹತ್ತಿದಳು.

ಮರಳುವಾಗ ಮೋಟಾರಿನಲ್ಲಿ ನಾನೊಬ್ಬನೇ. ಆದರೂ ಆ ಬಿಕ್ಕು ನಿಲ್ಲಲಿಲ್ಲ. ನಾಳೆ ಎಲ್ಲ ಕಿತ್ತುಹಾಕುತ್ತೇನೆ, ಕೌದಿ ಹರಿದರೂ ಹರಿಯಲಿ. ಎಂಜಿನ್ ಮೊದಲಿನಂತೆ ಒದರಿಕೊಳ್ಳಲಿ.