ಎದ್ದು ನಿಂತ ಹತ್ತೊಂಬತ್ತು

ಮಾರ್ಚ್ 3, ಮಧ್ಯಾಹ್ನ
ತರಬೇತಿ ಮುಗಿಸಿದೆ. ಬೀದಿಯಲ್ಲಿ ಮಲಗುವವರ ಎಣಿಕೆ — ಸತತ ಆರನೇ ವರ್ಷ ನನ್ನದೇ ಮೇಲ್ವಿಚಾರಣೆ. ಹೊಸಬರಿಗೆ ಹೇಳಿದ್ದು ಒಂದೇ ನಿಯಮ: ಮಲಗಿದವರನ್ನು, ಹಾಸಿಗೆ ಬಿಡಿಸುತ್ತಿರುವವರನ್ನು ಮಾತ್ರ ಬರೆಯಿರಿ.
"ಎದ್ದು ನಿಂತಿದ್ರೆ, ಮೇಡಂ?"
"ಬಸ್ಸಿಗೆ ಕಾಯ್ತಿರಬಹುದಲ್ಲಪ್ಪ!"
ಎಲ್ಲರೂ ನಕ್ಕರು. ಆ ನಿಯಮ ಬರೆದವಳೇ ನಾನು. ಈ ಸಲ ಹೊಳೆಯುವ ಜಾಕೆಟ್ ಕೂಡ ನನ್ನದೇ ಐಡಿಯಾ. ನಡುವೆ ಸಾಹೇಬರು ಇಣುಕಿದರು. ಎಲ್ಲರಿಗಿಂತ ಮೊದಲು ಎದ್ದು ನಿಂತೆ — ಅದರಲ್ಲೂ ನಾನೇ ಫಸ್ಟ್.
ಐವತ್ತಕ್ಕಿಂತ ಕಡಿಮೆ ಬಂದರೆ ಸ್ಟೇಷನ್ ಹಿಂದಿನ ರಾತ್ರಿ ತಂಗುದಾಣ ಮುಚ್ಚುತ್ತಾರಂತೆ. ಆಗದ ಮಾತು. ಹೋದ ವರ್ಷ ಅರವತ್ತೆರಡು.

ಮಾರ್ಚ್ 6, ಬೆಳಿಗ್ಗೆ 7
ರಾತ್ರಿ ಎರಡರಿಂದ ಐದರವರೆಗೆ ಊರೆಲ್ಲ ಸುತ್ತಿದೆವು. ಮೂವತ್ತೊಂಬತ್ತು! ಸಾಹೇಬರು ಫೋನಿನಲ್ಲೇ ಶಹಬ್ಬಾಸ್ ಅಂದರು. "ಸಮಸ್ಯೇನೇ ಕರಗಿಸಿಬಿಟ್ರಲ್ರೀ." ಹಿಗ್ಗಿದೆ, ಸುಳ್ಳೇಕೆ.
ಒಂದೇ ಕಿರಿಕಿರಿ... ಮಾರ್ಕೆಟ್ ಜಗಲಿಯ ಮೇಲೆ ಅಷ್ಟು ಜನ ಆ ಹೊತ್ತಿನಲ್ಲಿ ನಿಂತಿದ್ದೇಕೆ?

ಮಾರ್ಚ್ 9, ಸಂಜೆ
ತಡೆಯಲಾಗಲಿಲ್ಲ, ಹೋದೆ. ಜಗಲಿಯಲ್ಲಿ ಗೋಣಿಚೀಲ ಹೊಲಿಯುವ ಅಜ್ಜಿ. ಕೇಳಿಯೇಬಿಟ್ಟೆ.
"ನಿಮ್ ಜಾಕೆಟ್ ಕಂಡು ನಾನೇ ಎಲ್ರನ್ನೂ ಎಬ್ಬಿಸ್ದೆ, ತಾಯಿ. ಸರ್ಕಾರದೋರು ಬಂದಾಗ ಕಾಲು ಚಾಚ್ಕೊಂಡು ಬಿದ್ದಿರೋದು ಮರ್ಯಾದೇನಾ? ಹಾಸಿಗೇನೂ ಸುತ್ತಿಟ್ವಿ."
"ಎಷ್ಟು ಜನ ಇದ್ರಿ ಅಜ್ಜಿ?"
ಬೆರಳು ಮಡಿಸುತ್ತ, ಯಾರು ಯಾವ ಕಂಬದ ಪಕ್ಕ ಎಂಬುದರ ಸಮೇತ ಹೇಳಿದಳು. ಹತ್ತೊಂಬತ್ತು. "ಮಳೆ ಬಂದ್ರೂ ಚಿಂತೆಯಿಲ್ಲ. ತಂಗುದಾಣ ಇದೆಯಲ್ಲ!"
ನನ್ನ ಬುದ್ಧಿಗಿಷ್ಟು! ನಮಗೆ ಮರ್ಯಾದೆ ಕೊಟ್ಟವರನ್ನೇ ಲೆಕ್ಕದಿಂದ ಬಿಟ್ಟಿದ್ದೇನೆ. ಹಿಗ್ಗಿನಲ್ಲಿ ತಂಗುದಾಣವನ್ನೂ ಮರೆತಿದ್ದೆ. ನಾಚಿಕೆಯಾಯಿತು.

ಮಾರ್ಚ್ 10
ಮತ್ತೊಮ್ಮೆ ಎಣಿಸೋಣ ಎಂದೆ. ಸಾಹೇಬರು ಒಪ್ಪಲಿಲ್ಲ. "ಒಂದೇ ರಾತ್ರಿ, ಒಂದೇ ಎಣಿಕೆ. ನಿಯಮ ನಿಮ್ದೇ ಅಲ್ವೇನ್ರೀ?"
ಹೌದು, ನನ್ನದೇ. ಬರೆದವಳಿಗೆ ತಿದ್ದಲೂ ಬರುತ್ತದೆ.

ಮಾರ್ಚ್ 14, ಬೆಳಿಗ್ಗೆ 9.50, ಕಚೇರಿ
ರಾತ್ರಿ ಮತ್ತೆ ಹೋಗಿದ್ದೆ. ಜಾಕೆಟ್ ಇಲ್ಲ, ಟಾರ್ಚ್ ಇಲ್ಲ, ಹಳೇ ಸೀರೆ. ಅಜ್ಜಿ ಮುಂದೆ, ನಾನು ಹಿಂದೆ. ಯಾರೂ ಏಳಲಿಲ್ಲ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಸರಿ.
ವರದಿಯಲ್ಲಿ 39 ಹೊಡೆದುಹಾಕಿ 58 ಬರೆದೆ. ಕೆಳಗೆ ಕಾರಣ, ಅದರ ಕೆಳಗೆ ಸಹಿ. ತಪ್ಪು ನನ್ನದು ಎಂದೂ ಬರೆದೆ. ನೋಟಿಸ್ ಬರಬಹುದು. ಬರಲಿ. ತಂಗುದಾಣ ಉಳಿಯಬೇಕು.
ಬೂಟಿನ ಸದ್ದು... ಸಾಹೇಬರೇ. ವರದಿ ಒಯ್ಯಲು ಬಂದಿದ್ದಾರೆ. ಕುರ್ಚಿಗಳು ಸರಿಯುತ್ತಿವೆ, ಎಲ್ಲರೂ ಏಳುತ್ತಿದ್ದಾರೆ. ನನ್ನ ಮೇಜಿನ ಮುಂದೆ ಬಂದು ನಿಂತರು. ನಾನು ಎದ್ದಿಲ್ಲ. ಕೂತೇ ಬರೆ—